ಬೈರಮಂಗಲದ ಬಾವಿ

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಮೈಸೂರಿನ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ಹೊರಳಿದರೆ ಕೆಲವೇ ಮೈಲಿಗಳಲ್ಲಿ ಬೈರಮಂಗಲ. ಇಕ್ಕೆಲಗಳಲ್ಲಿಯೂ ತೆಂಗು, ಹಿಪ್ಪುನೇರಳೆ, ದನಗಳ ಹುಲ್ಲು. ಕಣ್ಣು ತಣಿಯುವಷ್ಟು ಹಸಿರು! ಆದರೆ ಇಲ್ಲಿಯ ಕೆರೆಯು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಮೂಗಿಗೆ ತನ್ನ ಇರವನ್ನು ತಿಳಿಸುತ್ತದೆ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಐತಿಹ್ಯವುಳ್ಳ ವೃಷಭಾವತಿಯು ಕೆಂಗೇರಿಯನ್ನು ದಾಟಿ ಇಲ್ಲಿ ಕೆರೆಯಾಗಿ ನಿಂತು, ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತಾಳೆ. ನೀರು ಧುಮುಕುವೆಡೆಯಲ್ಲಿ ಹತ್ತಿಯ ರಾಶಿಯಂತೆ ನೊರೆ. ಬೆಂಗಳೂರಿನ ಮನೆಮನೆಯ ಸೋಪಿನ ಪುಡಿಯದು. ಅದರಲ್ಲಿ ನಮ್ಮ ಮನೆಯ ಪಾಲೂ ಉಂಟೆಂಬುದು ನೆನಪಾಗಿ ನಾನು ಮಾತನಾಡಲಿಲ್ಲ.

ನನ್ನನ್ನು ಕರೆದೊಯ್ದವನು ನನ್ನ ವಿದ್ಯಾರ್ಥಿ. ಅವನ ತಾತ ತಮ್ಮ ತೋಟದ ಬಾವಿಯನ್ನು ತೋರಿಸಿದರು. "ಈಜು ಕಲ್ತಿದ್ದು ಇದರಲ್ಲೇ, ಮೇಷ್ಟ್ರೇ. ಈಗ ಕುಡಿಯೋಕೆ ಕ್ಯಾನು ತರ್ತೀವಿ. ಏನೋ ಹುಳ ಬಿಟ್ಟು ನೀರು ತಿಳಿ ಮಾಡ್ತಾರಂತಲ್ಲ, ನಮ್ಮ ಬಾವಿಗೂ ಬಿಟ್ಟಾರಾ?"

ಕನ್ನಡ ಮೇಷ್ಟರ ಬಳಿ ಉತ್ತರವೆಲ್ಲಿಯದು? ಕಾಲೇಜಿಗೆ ಮರಳಿ ಜೀವಶಾಸ್ತ್ರದ ಮಿತ್ರರನ್ನು ಹಿಡಿದೆ. ಸ್ವಾರಸ್ಯದ ಕಥೆಯೊಂದು ಹೊರಬಿತ್ತು. 1914ಕ್ಕೆ ಮುಂಚೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗಿಲ್ಬರ್ಟ್ ಫೌಲರ್ ಎಂಬುವರು ಗಣಿಯ ನೀರಿನಲ್ಲಿ ದೊರೆತ ಬ್ಯಾಕ್ಟೀರಿಯವೊಂದನ್ನು ಪರೀಕ್ಷಿಸುತ್ತಿದ್ದರಂತೆ. ಅದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕಿನಂತೆ ಹೊರಗೆಡಹುತ್ತಿತ್ತು. ಆ ಕಬ್ಬಿಣದೊಡನೆ ಚರಂಡಿ ನೀರಿನ ಕೊಳೆಯೂ ತಳಕ್ಕಿಳಿಯುತ್ತಿತ್ತು. ಅದೇ ಫೌಲರ್ 1916ರಲ್ಲಿ ಪ್ರಾಧ್ಯಾಪಕರಾಗಿ ಬಂದದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ!

ಇಂಥದೇ ಗುಣವನ್ನು ಸುಮಾರು ತೊಂಬತ್ತು ವರ್ಷಗಳ ತರುವಾಯ ಬಂಗಾಳದ ಕಾಸಿಂಪುರದಲ್ಲಿ ಪಾಷಾಣದ ಮೇಲೆ, ಎಂದರೆ ಆರ್ಸೆನಿಕ್ಕಿನ ಮೇಲೆ ಪ್ರಯೋಗಿಸಿದರು. ಲೀಟರಿಗೆ 10 ಮೈಕ್ರೋಗ್ರಾಂ ಮೀರಿದರೆ ಕುಡಿಯಲಾಗದೆಂಬ ವಿಷ ಅದು. ನಮ್ಮ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿಯೂ ಕಾಣಿಸಿಕೊಂಡು ಜನರನ್ನು ಕಾಡಿದ್ದುಂಟು. ಕಾಸಿಂಪುರದವರು ಹೊರಗಿನಿಂದ ಯಾವ ಜೀವಾಣುವನ್ನೂ ತರಲಿಲ್ಲ. ಕೊಳವೆಬಾವಿಯ ನೀರನ್ನು ಮೇಲೆತ್ತಿ, ಗಾಳಿಯಾಡಿಸಿ, ಅದರಲ್ಲೊಂದು ಭಾಗವನ್ನು ಮರಳಿ ಭೂಮಿಗೇ ಇಳಿಸಿದರು. ಗಾಳಿ ಕಂಡ ಅಲ್ಲಿಯದೇ ಬ್ಯಾಕ್ಟೀರಿಯಗಳು ಕಬ್ಬಿಣವನ್ನು ತುಕ್ಕಾಗಿಸಿದವು. ಪಾಷಾಣವು ಆ ತುಕ್ಕಿಗೆ ಅಂಟಿ ನೆಲದಡಿಯಲ್ಲಿಯೇ ಉಳಿಯಿತು.

ಬೈರಮಂಗಲದ ಸಂಕಟ ಬೇರೆ. ಇಲ್ಲಿಗೆ ಹರಿದು ಬರುವುದು ಊರಿನ ಕೊಳಚೆ ಮಾತ್ರವಲ್ಲ, ಕಾರ್ಖಾನೆಗಳ ಲೋಹವೂ ಹೌದು. ಕೊಳಚೆಯನ್ನು ಬ್ಯಾಕ್ಟೀರಿಯಗಳು ಉಂಡು ಮುಗಿಸಬಲ್ಲವು. ಲೋಹವನ್ನು ಉಣ್ಣಲಾರವು, ಅದರ ರೂಪವನ್ನಷ್ಟೇ ಬದಲಿಸಬಲ್ಲವು. ಲೇಪನದ ಕಾರ್ಖಾನೆಗಳ ಕ್ರೋಮಿಯಮ್ಮಿನ ವಿಷರೂಪವನ್ನು ಸುಲಭವಾಗಿ ಕರಗದ, ಅಷ್ಟು ಕೇಡಿಲ್ಲದ ರೂಪಕ್ಕೆ ತಿರುಗಿಸುವ ಜೀವಾಣುಗಳುಂಟು. ಅಂಥ ಕೆಸರಿನಲ್ಲಿಯೇ ಅವು ಪಳಗುತ್ತವೆ. ಆದರೆ ಮೇಲಿನಿಂದ ದಿನವೂ ಹೊಸ ಸರಕು ಬಂದು ಬೀಳುತ್ತಿದ್ದರೆ ಆ ಬಡಪ್ರಾಣಿಗಳಾದರೂ ಏನು ಮಾಡಿಯಾವು?

ಮುಂದಿನ ಭಾನುವಾರ ಇಷ್ಟನ್ನೂ ತಾತನಿಗೆ ಒಪ್ಪಿಸಿದೆ. ಅವರು ಬಹಳ ಹೊತ್ತು ಬಾವಿಯನ್ನೇ ನೋಡಿದರು. "ಹುಳ ನಮ್ಮ ಮಣ್ಣಲ್ಲೇ ಅವೆ ಅನ್ನಿ. ನೀರಲ್ಲಿ ಏನೈತೆ ಅಂತಾದ್ರೂ ನೋಡಿಸ್ತೀರಾ?" ಎಂದು ಬಾವಿಗೆ ಕೊಡ ಇಳಿಸಿ, ನಾನು ಒಯ್ದಿದ್ದ ಬಾಟಲಿಯನ್ನು ತುಂಬಿಕೊಟ್ಟರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಕೆಂಗೇರಿಯ ಬಳಿ ಪಕ್ಕದ ಸೀಟಿನ ತಾಯೊಬ್ಬರು ಮಗುವಿಗೆಂದು ಒಂದು ಗುಟುಕು ನೀರು ಕೇಳಿದರು. ಇಲ್ಲವೆನ್ನಬೇಕಾಯಿತು.