ಎದೆಯೊಳಗಿನ ಒಡ್ಡು

ಇಂಥ ಸಂಚಿಕೆಯಲ್ಲಿ ಮುಖ್ಯಾಧ್ಯಾಪಕಿಯು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವದು ವಾಡಿಕೆ. ಈ ಸಾರೆ ನಾವು ಹೃದಯದ ಒಂದು ಹುಟ್ಟುದೋಷದ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವೆವು. ಅದು ತೀರ ಅಪರೂಪವಾದದ್ದು. ಆದರೂ ಅದನ್ನು ಅರಿತರೆ ಎಲ್ಲ ಹೆಣ್ಣುಮಕ್ಕಳ ವಿಷಯದಲ್ಲಿ ನಮಗಿರುವ ಹೊಣೆಯೊಂದು ಸ್ಪಷ್ಟವಾಗುವದು.

ಹೃದಯದಲ್ಲಿ ನಾಲ್ಕು ಕೋಣೆಗಳಿರುವದನ್ನು ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಮೈಯೆಲ್ಲ ಸುತ್ತಿಬಂದ ಅಶುದ್ಧ ರಕ್ತವು ಮೊದಲು ಬಲಗಡೆಯ ಮೇಲಿನ ಕೋಣೆಯನ್ನು, ಅಂದರೆ ಬಲ ಹೃತ್ಕರ್ಣವನ್ನು ಸೇರಿ, ಅಲ್ಲಿಂದ ಕೆಳಗಿನ ಕೋಣೆಗಿಳಿದು, ಶುದ್ಧವಾಗಲು ಶ್ವಾಸಕೋಶಗಳಿಗೆ ಹೋಗುವದು. ಕೆಲವೇ ಕೆಲವರಲ್ಲಿ ಈ ಬಲ ಹೃತ್ಕರ್ಣದ ನಡುವೆ ತೆಳುವಾದ ಪೊರೆಯೊಂದು ಅಡ್ಡವಾಗಿ ನಿಂತು, ಒಂದು ಕೋಣೆಯನ್ನು ಎರಡಾಗಿ ಮಾಡಿರುವದು. ಇದಕ್ಕೆ ವೈದ್ಯರು ಕಾರ್ ಟ್ರಯಾಟ್ರಿಯಾಟಮ್ ಡೆಕ್ಸ್ಟರ್ ಎನ್ನುವರು. ಮೂರು ಹೃತ್ಕರ್ಣಗಳ ಹೃದಯ, ಬಲಗಡೆಯದು ಎಂದು ಆ ಲ್ಯಾಟಿನ್ ಹೆಸರಿನ ಅರ್ಥ. ಹುಟ್ಟುವ ಸುಮಾರು 100 ಮಕ್ಕಳಲ್ಲಿ ಒಂದಕ್ಕೆ ಹೃದಯದ ಯಾವುದಾದರೊಂದು ದೋಷವಿರುತ್ತದೆ; ಅಂಥ 10,000 ಮಕ್ಕಳಲ್ಲಿ ಈ ಪೊರೆಯು ಎರಡು ಮೂರು ಮಕ್ಕಳಿಗೆ ಮಾತ್ರ ಇದ್ದೀತು.

ಈ ಪೊರೆಯು ಬಂದದ್ದೆಲ್ಲಿಂದ? ಘೋಣಸಗಿಯ ಕಡೆಗೆ ರೈತರು ಕಾಯಿಪಲ್ಲೆಯ ಮಡಿಗಳಿಗೆ ನೀರು ಹಾಯಿಸುವದನ್ನು ನೀವು ನೋಡಿರಬೇಕು. ಒಂದು ಮಡಿಗೆ ನೀರು ತಿರುಗಿಸಲು ಕಾಲುವೆಗೆ ಮಣ್ಣಿನ ಸಣ್ಣ ಒಡ್ಡು ಹಾಕುವರು. ಮಡಿ ತುಂಬಿದೊಡನೆ ಅದನ್ನು ಒಡೆಯುವರು. ಗರ್ಭದಲ್ಲಿರುವ ಶಿಶುವಿನ ಹೃದಯದಲ್ಲಿಯೂ ಇಂಥದೊಂದು ಒಡ್ಡು ಇದೆ. ಗರ್ಭದಲ್ಲಿ ಶ್ವಾಸಕೋಶಗಳು ಉಸಿರಾಡವು. ಶುದ್ಧ ರಕ್ತವು ತಾಯಿಯ ಕಡೆಯಿಂದಲೇ ಬರಬೇಕು. ಅದನ್ನು ಹೃದಯದ ಎಡಭಾಗಕ್ಕೆ ತಿರುಗಿಸುವದು ಬಲ ಹೃತ್ಕರ್ಣದ ಒಂದು ಕವಾಟದ ಕೆಲಸ. ಗರ್ಭದ ಮೂರನೆಯ ತಿಂಗಳ ಸುಮಾರಿಗೆ ಆ ಕವಾಟವು ಬಹುಮಟ್ಟಿಗೆ ಕುಗ್ಗಿ, ಯುಸ್ಟೇಶಿಯನ್ ಕವಾಟವೆಂಬ ಸಣ್ಣ ಮಡಿಕೆಯಷ್ಟೇ ಉಳಿಯುವದು. 16ನೆಯ ಶತಮಾನದ ಇಟಲಿಯ ಶರೀರಶಾಸ್ತ್ರಜ್ಞ ಯುಸ್ಟೇಶಿಯ ಹೆಸರು ಅದಕ್ಕೆ ಬಂದಿದೆ. ಅದು ಕುಗ್ಗದೆ ಇಡಿಯಾಗಿ ನಿಂತಲ್ಲಿ, ಒಂದು ಕಾಲಕ್ಕೆ ಕಾಪಾಡಿದ ಒಡ್ಡೇ ಮುಂದೆ ತಡೆಯಾಗುವದು.

ಪೊರೆಯಲ್ಲಿ ಸಾಕಷ್ಟು ದೊಡ್ಡ ರಂಧ್ರಗಳಿದ್ದರೆ ಮನುಷ್ಯನು ಏನೂ ತಿಳಿಯದೆ ಮುಪ್ಪಿನವರೆಗೆ ಬಾಳಬಹುದು. ರಂಧ್ರಗಳು ಕಿರಿದಾದರೆ ರಕ್ತವು ಹಿಂದೆ ನಿಂತು ಕಾಲು ಬಾವು ಬರುವದು, ಯಕೃತ್ತು ಹಿಗ್ಗುವದು, ಸ್ವಲ್ಪ ನಡೆದರೂ ದಣಿವಾಗುವದು. ಎರಡು ಹೃತ್ಕರ್ಣಗಳ ನಡುವಣ ಗೋಡೆಯಲ್ಲಿಯೂ ರಂಧ್ರವಿದ್ದರೆ ಅಶುದ್ಧ ರಕ್ತವು ಎಡಕ್ಕೆ ಬೆರೆತು ತುಟಿಯೂ ಉಗುರೂ ನೀಲಿಯಾಗುವವು. ಎಕೋ ಎಂಬ ಪರೀಕ್ಷೆಯಿಂದ, ನೋವಿಲ್ಲದೆ, ಶಬ್ದದ ಅಲೆಗಳ ಮೂಲಕ ಇದನ್ನು ಕಾಣಬಹುದು. ತೊಂದರೆಯಿಲ್ಲದವರನ್ನು ವೈದ್ಯರು ನೋಡುತ್ತಿದ್ದರೆ ಸಾಕು. ತೊಂದರೆಯುಳ್ಳವರಿಗೆ ಶಸ್ತ್ರಕ್ರಿಯೆಯಿಂದ ಪೊರೆಯನ್ನು ಕತ್ತರಿಸಿ ತೆಗೆಯುವರು. ಕೆಲವರಿಗೆ ರಕ್ತನಾಳದ ಮೂಲಕ ಬಲೂನನ್ನು ಕಳಿಸಿ ಪೊರೆಯನ್ನು ಹರಿಯುವದೂ ಉಂಟು.

ಈ ವಿಷಯವನ್ನು ನಾವು ಓದಲು ಕಾರಣವೊಂದಿದೆ. ಆರೋಗ್ಯ ತಪಾಸಣೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಎದೆಯ ಬಡಿತದೊಡನೆ ಬೇರೊಂದು ಸಪ್ಪಳ ಕೇಳಿಬಂದು, ಹೃದಯದ ಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳಿದರು. ಅವಳ ತಾಯಿಯನ್ನು ಕರೆಯಿಸಿ ತಿಳಿಸಿದೆವು. ಆ ತಾಯಿಯು ರೋಗವೇನೆಂದು ಕೇಳಲಿಲ್ಲ. “ಅಕ್ಕಾರ, ಈ ಮಾತ ಊರಾಗ ಯಾರಿಗೂ ಗೊತ್ತಾಗಬಾರದ್ರಿ. ನಾಳಿ ಲಗ್ನ ಆಗೂ ಹುಡುಗಿ” ಎಂದು ಕಣ್ಣೊರೆಸಿಕೊಂಡಳು. ತನ್ನಿಂದಲೇ ಏನೋ ತಪ್ಪಾಯಿತೆಂದು ಅವಳ ಮನಸ್ಸು ಕುಗ್ಗಿತ್ತು. ಮರುವಾರ ಅವಳು ಮಗಳನ್ನು ಪರೀಕ್ಷೆಗೆ ಕರೆದುಕೊಂಡು ಹೋದಳು. ಪರೀಕ್ಷೆಯಲ್ಲಿ ಕಂಡದ್ದು ಆ ಮನೆಯವರ ಮಾತು; ಅದನ್ನು ಇಲ್ಲಿ ಬರೆಯೆವು. ಆದರೆ ಆ ಕಣ್ಣೀರಿಗೆ ಉತ್ತರ ಕೊಡುವದು ನಮ್ಮೆಲ್ಲರ ಕರ್ತವ್ಯ.

ಹುಟ್ಟುಕುರುಡನೊಬ್ಬನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಕರ್ತನು ಎರಡನ್ನೂ ಅಲ್ಲಗಳೆದದ್ದನ್ನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯವು ಹೇಳುವದು. ಗರ್ಭದಲ್ಲಿ ಒಂದು ಪೊರೆ ಕರಗದೆ ಉಳಿದರೆ ಅದು ತಾಯಿಯ ಪಾಪವಲ್ಲ, ಮನೆತನದ ಕಳಂಕವೂ ಅಲ್ಲ.

ಮಕ್ಕಳ ಹೃದಯರೋಗಗಳ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬ ಹೆಣ್ಣುಮಗಳು ಅಗ್ರಗಣ್ಯಳೆಂಬುದನ್ನು ನಮ್ಮ ಹುಡುಗಿಯರು ನೆನೆಯಬೇಕು. ಅಮೇರಿಕೆಯ ಹೆಲನ್ ಟಾಸಿಗ್ ಎಂಬಾಕೆಗೆ ಬಾಲ್ಯದಲ್ಲಿ ಓದುವದೇ ಕಷ್ಟವಾಗಿತ್ತು. ಮುಂದೆ ಕಿವಿಯೂ ಮಂದವಾಯಿತು. ಎದೆಯ ಸಪ್ಪಳ ಕೇಳದಿದ್ದಾಗ ಬೆರಳುಗಳಿಂದಲೇ ಬಡಿತವನ್ನು ಅರಿತಳು. ಬೇರೊಂದು ದೋಷದಿಂದ ನೀಲಿಗಟ್ಟಿದ ಶಿಶುವಿಗೆ 1944ರ ನವೆಂಬರ 29ರಂದು ಬಾಲ್ಟಿಮೋರದಲ್ಲಿ ಬ್ಲಾಲಾಕ್ ಎಂಬ ವೈದ್ಯರು ಮಾಡಿದ ಶಸ್ತ್ರಕ್ರಿಯೆಯು ಆಕೆಯ ವಿಚಾರದಿಂದಲೇ ಹೊರಟದ್ದು. ನಮ್ಮ ದೇಶದಲ್ಲಿಯೂ, ಮಿಶನರಿಯಾದ ಐಡಾ ಸ್ಕಡರ್ ಎಂಬಾಕೆಯು 1900ರಲ್ಲಿ ಒಂದೇ ಮಂಚದಿಂದ ಆರಂಭಿಸಿದ ವೆಲ್ಲೂರಿನ ದವಾಖಾನೆಯಲ್ಲಿ 1961ರಲ್ಲಿ ತೆರೆದ ಹೃದಯದ ಶಸ್ತ್ರಕ್ರಿಯೆಯು ನಡೆಯಿತು.

ಇಂದು ದೂರದ ಮಾತು ಬೇಕಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಏರ್ಪಾಡಿದೆ. ಹೃದಯದ ಹುಟ್ಟುದೋಷವೂ ಅದರಲ್ಲಿ ಸೇರಿದೆ. ದಣಿವೆಲ್ಲ ಹೃದಯರೋಗವಲ್ಲ, ನಮ್ಮ ಹುಡುಗಿಯರಲ್ಲಿ ರಕ್ತಹೀನತೆಯೇ ಹೆಚ್ಚು. ಆದರೆ ಆಟದಲ್ಲಿ ಬೇಗನೆ ಕುಳಿತುಬಿಡುವ, ತುಟಿ ನೀಲಿಯಾಗುವ ಮಗುವನ್ನು ಮೈಗಳ್ಳಿಯೆನ್ನದೆ ವೈದ್ಯರಿಗೆ ತೋರಿಸಿರಿ. ಪೂರ್ವ ವಿದ್ಯಾರ್ಥಿನಿಯರಾದ ನೀವು ಇಂದು ತಾಯಂದಿರು, ಕೆಲವರು ಅತ್ತೆಯರೂ ಹೌದು. ಎದೆಯ ಮೇಲೆ ಶಸ್ತ್ರಕ್ರಿಯೆಯ ಗೆರೆಯಿರುವ ಕನ್ಯೆಯೊಬ್ಬಳು ನಿಮ್ಮ ಮನೆಗೆ ಸೊಸೆಯಾಗಿ ಬರುವದಾದರೆ, ವೈದ್ಯರ ಮಾತು ಕೇಳಿರಿ, ಊರವರ ಮಾತನ್ನಲ್ಲ. ಶಿಶುವಿನ ಎದೆಯೊಳಗಿನ ಒಡ್ಡನ್ನು ವೈದ್ಯರು ತೆಗೆದಾರು. ಲಜ್ಜೆಯ ಒಡ್ಡನ್ನು ತೆಗೆಯಬೇಕಾದವರು ನಾವು. ಇದಕ್ಕೆ ಬೇಕಾದ ಧೈರ್ಯವನ್ನು ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ.