ನಾಳೆ ಹೇಳುವವರು ಬೇಕಾಗಿದ್ದಾರೆ

ಕಂಪನಿಯ ವಾರ್ಷಿಕ ದಿನಕ್ಕೆ ಅತಿಥಿ ಭಾಷಣಕಾರರನ್ನು ಹುಡುಕೋ ಕೆಲಸ ಹೋದ ವರ್ಷ ನನ್ನ ತಲೆಗೆ ಬಂತು. ಅದರ ಹಿಂದಿನ ವರ್ಷ ಅಂತ್ಯಾಕ್ಷರಿ ನಡೆಸಿಕೊಟ್ಟಿದ್ದೆ, ಅದೊಂದೇ ನನ್ನ ಅರ್ಹತೆ. ಮೇಲಿನವರಿಗೆ ಈ ಸಲ ಫ್ಯೂಚರಿಸ್ಟ್ ಬೇಕಂತೆ. ಮುಂದಿನ ಹತ್ತು ವರ್ಷ ಹೇಗಿರುತ್ತೆ ಅಂತ ಹೇಳುವವರು.

ಭಾನುವಾರ ಹತ್ತರಗಿಗೆ ಫೋನ್ ಮಾಡಿದಾಗ ಅಪ್ಪನ ಮುಂದೆ ಬಾಯಿಬಿಟ್ಟೆ.

"ಅಂದ್ರ ಜೋತಿಷಿ ಏನೋ?"

"ಅಲ್ಲಪ್ಪಾ, ಜಾತಕ ಗೀತಕ ನೋಡಂಗಿಲ್ಲ."

"ಮತ್ತ ಮೈಲಾರದ ಗೊರವಯ್ಯನಂಗ? ಅಂವ ಉಪಾಸ ಇದ್ದು ಬಿಲ್ಲ ಏರಿ ಒಂದ ಮಾತ ಹೇಳ್ತಾನ. ನಿಮ್ಮಾಂವಗ ರೊಕ್ಕ ಎಷ್ಟ?"

ರೊಕ್ಕ ಎಷ್ಟು ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಫೋನ್ ಇಟ್ಟುಬಿಡುತ್ತಿದ್ದರು.

ಆದರೂ ಈ ವಿದ್ಯೆ ಪೂರ್ತಿ ಪೊಳ್ಳಲ್ಲ. ಶೆಲ್ ತೈಲ ಕಂಪನಿಯಲ್ಲಿ 1970ರ ದಶಕದ ಆರಂಭದಲ್ಲೇ ಪಿಯರ್ ವ್ಯಾಕ್ ಎಂಬಾತನ ತಂಡ ಇದನ್ನೇ ಮಾಡುತ್ತಿತ್ತು. ಹೀಗೇ ಆಗುತ್ತೆ ಅಂತ ಅವರು ಹೇಳಲಿಲ್ಲ. ನಾಳೆಯ ಬಗ್ಗೆ ನಾಲ್ಕಾರು ಕತೆ ಬರೆದು, 'ಎಣ್ಣೆ ಇರುವ ದೇಶಗಳು ಬೆಲೆ ಏರಿಸಿದರೆ ನಾವೇನು ಮಾಡ್ತೀವಿ?' ಅಂತ ಮ್ಯಾನೇಜರುಗಳನ್ನು ಕೇಳಿದರು. 1973ರಲ್ಲಿ ಬೆಲೆ ನಿಜವಾಗಿಯೂ ಏರಿದಾಗ ಶೆಲ್‌ನವರು ಆ ಪ್ರಶ್ನೆಯನ್ನು ಒಮ್ಮೆ ಎದುರಿಸಿ ಆಗಿತ್ತು. ಇನ್ನೊಂದು ಕಡೆ ಫಿಲಿಪ್ ಟೆಟ್ಲಾಕ್ ಎಂಬ ಮನಶ್ಶಾಸ್ತ್ರಜ್ಞ 284 ಪರಿಣತರ ಭವಿಷ್ಯವಾಣಿಗಳನ್ನು ವರ್ಷಗಟ್ಟಲೆ ಲೆಕ್ಕ ಇಟ್ಟು 2005ರಲ್ಲಿ ಪುಸ್ತಕ ಬರೆದ. ಟಿವಿಯಲ್ಲಿ ಹೆಚ್ಚು ಕಾಣಿಸುವ, ಹೆಚ್ಚು ಖಚಿತವಾಗಿ ಮಾತಾಡುವ ಜನರೇ ಹೆಚ್ಚು ತಪ್ಪಿದ್ದರು. ಅಂದರೆ, ಕರೆಯುವವರು ಯಾವ ಪ್ರಶ್ನೆ ಇಟ್ಟು ಕರೀತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ ಅಂತ ನನಗನ್ನಿಸಿತು.

ಅದಕ್ಕೇ ಏಜೆನ್ಸಿಗೆ ಬರೆದ ಇಮೇಲ್‌ನಲ್ಲಿ ಒಂದು ಸಾಲು ಸೇರಿಸಿದ್ದೆ: 'ನಮ್ಮಲ್ಲಿ ಕೈಯಾರೆ ಟೆಸ್ಟಿಂಗ್ ಮಾಡುವವರಿದ್ದಾರೆ. ಎಐ ಆ ಕೆಲಸ ಮಾಡತೊಡಗಿದರೆ ಅವರು ಈಗಿನಿಂದಲೇ ಏನು ಕಲಿಯಬೇಕು?' ಎಚ್‌ಆರ್ ಮೇಡಂ ಓದಿ, "ಫಂಕ್ಷನ್ ಅಲ್ವಾ, ಸ್ವಲ್ಪ ಪಾಸಿಟಿವ್ ಆಗಿರಲಿ" ಅಂದರು. ಆ ಸಾಲನ್ನು ಅಳಿಸಿದ್ದು ಮೇಡಂ ಅಲ್ಲ, ನಾನು. ವಾದ ಮಾಡಲೂ ಇಲ್ಲ. ಅಪ್ರೈಸಲ್ ಹತ್ತಿರ ಇತ್ತು.

ಭಾಷಣ ಚೆನ್ನಾಗಿತ್ತು. ಹಾರುವ ಟ್ಯಾಕ್ಸಿ, ಮಂಗಳ ಗ್ರಹ, ನೂರಿಪ್ಪತ್ತು ವರ್ಷದ ಆಯಸ್ಸು. ಸಮಯ ಇಲ್ಲ ಅಂತ ಪ್ರಶ್ನೋತ್ತರ ಕೈಬಿಟ್ಟರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಎರಡು ತಿಂಗಳಿಗೆ ಟೆಸ್ಟಿಂಗ್ ತಂಡದ ನಾಲ್ವರನ್ನು ಮೀಟಿಂಗ್ ರೂಮಿಗೆ ಕರೆದರು. ಅದರಲ್ಲೊಬ್ಬ ದಿನಾ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದವ, ನನ್ನ ಡಬ್ಬಿಯ ಶೇಂಗಾ ಚಟ್ನಿಗೆ ಪಾಲುದಾರ. ಲ್ಯಾಪ್‌ಟಾಪ್ ಒಪ್ಪಿಸಿ ಹೋಗುವಾಗ "ಮೊದಲೇ ಒಂದು ಸೂಚನೆ ಸಿಕ್ಕಿದ್ರೆ ಏನಾದ್ರೂ ಕಲೀತಿದ್ದೆ ಮಾರಾಯ" ಅಂದ. ಇಮೇಲ್ ವಿಷಯ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಗಣೇಶ ಹಬ್ಬಕ್ಕೆ ಊರಿಗೆ ಹೋದೆ. ಟೋಲ್ ನಾಕಾ ಹತ್ತಿರ ಇಳಿದು ಮನೆಗೆ ಹೋದರೆ ಅಪ್ಪ ಇಲ್ಲ, ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿದ್ದರು. ನಾನೂ ಹೋದೆ. ಅಲ್ಲೂ ಒಬ್ಬ ಅತಿಥಿ! ನಿವೃತ್ತ ಕೃಷಿ ಅಧಿಕಾರಿ. ಸಂಭಾವನೆ ಶಾಲು, ತೆಂಗಿನಕಾಯಿ, ಬಸ್ ಚಾರ್ಜು. ಅವರ ಭಾಷಣ ಹತ್ತೇ ನಿಮಿಷಕ್ಕೆ ನಿಂತಿತು, ಯಾಕೆಂದರೆ ಕಾಕಾ ನಡುವೆಯೇ ಎದ್ದು ನಿಂತಿದ್ದರು.

"ಸಾಹೇಬ್ರ, ಹಿಡಕಲ್ ಡ್ಯಾಮ್ ತುಂಬಲಿಲ್ಲಂದ್ರ ಕೂಳೆ ಕಬ್ಬ ಇಡೂದೋ ಬಿಡೂದೋ?"

ಆಮೇಲೆ ಸಾಲುಸಾಲು ಪ್ರಶ್ನೆ. 2019ರಂಗ ಮತ್ತ ಹೊಳಿ ಬಂದ್ರ? ಕಬ್ಬ ಕಡಿಯೋ ಗ್ಯಾಂಗ್ ಬರಲಿಲ್ಲಂದ್ರ? ಹುಡುಗರೆಲ್ಲಾ ಬೆಂಗಳೂರ ಹಿಡದ್ರ ಹೊಲ ಯಾರ ನೋಡಬೇಕು? ಕೊನೆಯದನ್ನು ಕೇಳಿದವರು ಅಪ್ಪ. ನಾನು ಹಿಂದೆ ನಿಂತಿದ್ದು ಅವರಿಗೆ ಗೊತ್ತಿರಲಿಲ್ಲ.

ಸಾಹೇಬರು ಎರಡು ಪ್ರಶ್ನೆಗೆ "ನನಗ ಗೊತ್ತಿಲ್ರಿ" ಅಂದರು. ನೀರಿನ ಪ್ರಶ್ನೆಗೆ, "ಮಳಿ ನನ್ನ ಕೈಯಾಗಿಲ್ಲ. ಆದ್ರ ಇದ್ದ ಹೊಲಕ್ಕೆಲ್ಲಾ ಕಬ್ಬ ಹಚ್ಚಬ್ಯಾಡ್ರಿ, ಒಂದೆಕರೆ ಗೋವಿನಜೋಳಕ್ಕ ಬಿಡ್ರಿ" ಅಂದರು. ಅಪ್ಪ ಅದನ್ನು ವರದಿ ಪುಸ್ತಕದ ಹಿಂದೆ ಬರೆದುಕೊಂಡರು.

ನಮ್ಮ ಹುಕ್ಕೇರಿ ತಾಲ್ಲೂಕಿನವರಿಗೆ ಇದು ಹೊಸದಲ್ಲ ಬಿಡಿ. 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿ ಕರೆಂಟನ್ನೇ ಸಹಕಾರಕ್ಕೆ ತಂದ ತಾಲ್ಲೂಕು ಇದು. ಆವತ್ತು ಯಾವ ಫ್ಯೂಚರಿಸ್ಟನ್ನು ಕರೆಸಿದ್ದರೋ!

ಮನೆಗೆ ಬರುವಾಗ ಅಪ್ಪ ಕೇಳಿದರು, "ನಿಮ್ಮ ಭವಿಷ್ಯದಾಂವ ಏನಂದ?"

"ಹಾರೋ ಟ್ಯಾಕ್ಸಿ ಬರ್ತೈತಂತ."

"ಹತ್ತರಗಿಗೆ ಬರ್ತೈತೇನು? ಟೋಲ್ ಉಳೀತು" ಅಂದು ನಕ್ಕರು. ತಾವು ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ನನಗೆ ಕೇಳಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ.

ಈ ವರ್ಷವೂ ಕಮಿಟಿಯಲ್ಲಿದ್ದೇನೆ. ಮೊನ್ನೆ ಇಮೇಲ್ ಬರೆದೆ. ಅಳಿಸಿದ್ದ ಸಾಲು ಈ ಸಲ ಎಲ್ಲಕ್ಕಿಂತ ಮೇಲಿದೆ. ಭಾಷಣಕ್ಕೆ ಇಪ್ಪತ್ತು ನಿಮಿಷ, ಪ್ರಶ್ನೆಗಳಿಗೆ ಒಂದು ಗಂಟೆ. ಮೇಡಂ ಓದಿದ್ದಾರೆ, ನೀಲಿ ಟಿಕ್ ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.