ಒಂದೇ ಮೈದಾನ, ಎರಡು ಬಹುಮಾನ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಜಧಾನಿ ರಾಲಿಯಿಂದ ನೈಋತ್ಯಕ್ಕೆ ಸುಮಾರು 110 ಕಿ.ಮೀ. ಸಾಗಿದರೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಕೆಂಪು ಜೇಡಿ ಹಿಂದೆ ಸರಿದು ಬಿಳಿ ಮರಳು ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ನೀಳ ಸೂಜಿಯೆಲೆಗಳ ಪೈನ್ ಮರಗಳು. ಸಮುದ್ರ ಎಲ್ಲೋ ದೂರದಲ್ಲಿದೆ, ಕಾಲಡಿಯಲ್ಲಿ ಮಾತ್ರ ಕಡಲ ತೀರದ ಮರಳು. ಈ ಮರಳು ದಿಬ್ಬಗಳ ಸೀಮೆಯ ಪೈನ್‌ಹರ್ಸ್ಟ್ ಎಂಬ ಹಳ್ಳಿ ಗಾಲ್ಫ್ ಪ್ರಿಯರ ಯಾತ್ರಾಸ್ಥಳ.

ಒಂದು ಕಾಲಕ್ಕೆ ಈ ನೆಲ ಯಾರಿಗೂ ಬೇಡವಾಗಿತ್ತು. ಮರ ಕಡಿದು, ರಾಳ ಇಳಿಸಿ ಬಿಟ್ಟುಹೋದ ಬೋಳು ಭೂಮಿಯನ್ನು 1895ರಲ್ಲಿ ಬಾಸ್ಟನ್ನಿನ ಸೋಡಾ ಯಂತ್ರಗಳ ಉದ್ಯಮಿ ಜೇಮ್ಸ್ ವಾಕರ್ ಟಫ್ಟ್ಸ್ ಕೊಂಡರು. ಉತ್ತರದ ಚಳಿಗೆ ಬಳಲಿದವರಿಗೆ ಆರೋಗ್ಯಧಾಮ ಕಟ್ಟುವುದು ಅವರ ಉದ್ದೇಶ. ಅತಿಥಿಗಳು ಹಸು ಮೇಯುವ ಹೊಲಕ್ಕೆ ಚೆಂಡು ಹೊಡೆಯತೊಡಗಿದ್ದೇ ಇಲ್ಲಿನ ಗಾಲ್ಫಿಗೆ ನಾಂದಿಯಾಯಿತೆಂಬ ಕಥೆಯಿದೆ. ಸ್ಕಾಟ್ಲೆಂಡಿನಿಂದ ಬಂದ ಡೊನಾಲ್ಡ್ ರಾಸ್ ರೂಪಿಸಿದ ಇಲ್ಲಿನ ‘ಎರಡನೇ ನಂಬರ್’ ಮೈದಾನ 1907ರಲ್ಲಿ ಆಟಕ್ಕೆ ತೆರೆಯಿತು. ಗುಳಿಯ ಸುತ್ತಲಿನ ಹಸಿರು ನೆಲ ಇಲ್ಲಿ ಬೋರಲು ಹಾಕಿದ ಬೋಗುಣಿಯಂತೆ. ಚೆಂಡು ಸರಿಯಾದ ಜಾಗಕ್ಕೆ ಬೀಳದಿದ್ದರೆ ಉರುಳಿ ಹೊರಗೆ ಹೋಗುತ್ತದೆ. ಹೊಡೆದವರು ಗಂಡಸೋ ಹೆಂಗಸೋ ಎಂದು ಅದು ನೋಡುವುದಿಲ್ಲ.

ಬಹುಮಾನ ಹಂಚುವವರು ಮಾತ್ರ ನೋಡುತ್ತಾರೆ. 2014ರ ಜೂನ್‌ನಲ್ಲಿ ಪುರುಷರ ಯು.ಎಸ್. ಓಪನ್ ಮತ್ತು ಮಹಿಳೆಯರ ಯು.ಎಸ್. ಓಪನ್ ಮೊದಲ ಬಾರಿಗೆ ಒಂದೇ ಮೈದಾನದಲ್ಲಿ, ಒಂದರ ಹಿಂದೊಂದು ವಾರ ನಡೆದದ್ದು ಇಲ್ಲಿಯೇ. ಗಂಡಸರು ಆಡಿದ ದಾರಿ 7,562 ಗಜ, ಹೆಂಗಸರದ್ದು 6,649 ಗಜ. ನಡೆಸಿದ್ದು ಒಂದೇ ಸಂಸ್ಥೆ, ಅಮೆರಿಕದ ಗಾಲ್ಫ್ ಸಂಘ. ಪುರುಷರಿಗೆ ಇಟ್ಟದ್ದು ಒಟ್ಟು 90 ಲಕ್ಷ ಡಾಲರ್, ಮಹಿಳೆಯರಿಗೆ 40 ಲಕ್ಷ. ಗೆದ್ದ ಜರ್ಮನಿಯ ಮಾರ್ಟಿನ್ ಕೈಮರ್‌ಗೆ 16.2 ಲಕ್ಷ ಡಾಲರ್ ಸಿಕ್ಕಿತು. ಮರುವಾರ ಗೆದ್ದ 24 ವರ್ಷದ ಮಿಷೆಲ್ ವೀಗೆ 7.2 ಲಕ್ಷ. ಪುರುಷರಲ್ಲಿ ಎರಡನೇ ಸ್ಥಾನ ಹಂಚಿಕೊಂಡ ಇಬ್ಬರಲ್ಲಿ ಒಬ್ಬೊಬ್ಬರಿಗೂ ಇದಕ್ಕಿಂತ ಹೆಚ್ಚು ಬಂತು.

ವೀ ಗೆಲುವು ಸುಲಭದ್ದಲ್ಲ. ಕೊನೆಯ ದಿನ 16ನೇ ಗುಳಿಯ ಬಳಿ ಚೆಂಡು ತಂತಿಹುಲ್ಲಿನ ಪೊದೆಯಲ್ಲಿ ಅಡಗಿತು. ಹುಡುಕಿ ತೆಗೆದು ಆಟ ಮುಗಿಸುವಷ್ಟರಲ್ಲಿ ಎರಡು ಹೊಡೆತ ನಷ್ಟ. ಮುಂದಿನ ಗುಳಿಯಲ್ಲೇ ಒಂದನ್ನು ಮರಳಿ ಪಡೆದರು. ನಾಲ್ಕು ದಿನದ ಆಟದ ಬಳಿಕ ನಿಗದಿತ ಹೊಡೆತಕ್ಕಿಂತ ಕಡಿಮೆಯಲ್ಲಿ ಮುಗಿಸಿದ ಮಹಿಳೆ ಅವರೊಬ್ಬರೇ.

ಈ ಅಂತರಕ್ಕೆ ಕೊಡುವ ಕಾರಣ ಟೆಲಿವಿಷನ್. ಪುರುಷರ ಆಟವನ್ನು ಹೆಚ್ಚು ಜನ ನೋಡುತ್ತಾರೆ, ಜಾಹೀರಾತು ಅಲ್ಲಿಗೆ ಹೋಗುತ್ತದೆ, ಹಣವೂ ಅಲ್ಲಿಂದ ಬರುತ್ತದೆ. ಇದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹೆಂಗಸರ ಆಟವನ್ನು ಸರಿಯಾಗಿ ತೋರಿಸದೆ ನೋಡುವವರಿಲ್ಲ ಎನ್ನುವುದು, ಅಂಗಡಿ ಬಾಗಿಲು ಹಾಕಿಕೊಂಡು ಗಿರಾಕಿಯಿಲ್ಲ ಎಂದಂತೆ. ಖರ್ಚಿನಲ್ಲಂತೂ ರಿಯಾಯಿತಿ ಇಲ್ಲ. ವಿಮಾನದ ಟಿಕೆಟ್, ಹೋಟೆಲ್ ಬಾಡಿಗೆ, ಚೀಲ ಹೊರುವ ಕ್ಯಾಡಿಯ ಸಂಬಳ ಎಲ್ಲವೂ ಆಟಗಾರ್ತಿಯ ಕೈಯಿಂದಲೇ. ಬಹುತೇಕ ಪಂದ್ಯಗಳಲ್ಲಿ ಎರಡು ದಿನದ ಬಳಿಕ ಹೊರಬಿದ್ದರೆ ಕಾಸೂ ಇಲ್ಲ.

ಪೈನ್‌ಹರ್ಸ್ಟ್‌ನಿಂದ ಕಾರಿನಲ್ಲಿ ಸ್ವಲ್ಪವೇ ದೂರದಲ್ಲಿ, ಸದರ್ನ್ ಪೈನ್ಸ್ ಊರಿನಲ್ಲಿ ಪೈನ್ ನೀಡಲ್ಸ್ ಎಂಬ ಇನ್ನೊಂದು ಮೈದಾನವಿದೆ. ಅದೂ ರಾಸ್ ಕೈಯದೇ. ಅದನ್ನು ಗಂಡನೊಂದಿಗೆ ಬೆಳೆಸಿದವರು ಪೆಗ್ಗಿ ಕರ್ಕ್ ಬೆಲ್, 1950ರಲ್ಲಿ 13 ಮಹಿಳೆಯರು ಕಟ್ಟಿದ ವೃತ್ತಿಪರ ಮಹಿಳಾ ಗಾಲ್ಫ್ ಸಂಘದ ಆರಂಭದ ದಿನಗಳ ಸದಸ್ಯೆ. ಊರೂರಿಗೆ ತಾವೇ ವಿಮಾನ ನಡೆಸಿಕೊಂಡು ಹೋಗಿ ಆಡುತ್ತಿದ್ದ ಈಕೆ ನೂರಾರು ಹೆಂಗಸರಿಗೆ ಆಟ ಕಲಿಸಿ 2016ರಲ್ಲಿ ತೀರಿಕೊಂಡರು. 2022ರ ಮಹಿಳಾ ಓಪನ್ ಅವರ ಮೈದಾನಕ್ಕೆ ಬಂದಾಗ ಆರೋಗ್ಯ ಕ್ಷೇತ್ರದ ಸಂಸ್ಥೆಯೊಂದು ಪ್ರಾಯೋಜಕನಾಯಿತು. ಹಿಂದಿನ ವರ್ಷ 55 ಲಕ್ಷವಿದ್ದ ಬಹುಮಾನ ಒಮ್ಮೆಲೇ ಒಂದು ಕೋಟಿ ಡಾಲರ್ ಆಯಿತು. ಗೆದ್ದ ಆಸ್ಟ್ರೇಲಿಯಾದ ಮಿಂಜಿ ಲೀ 18 ಲಕ್ಷ ಪಡೆದರು. ಪುರುಷರ ಮೊತ್ತ ಆ ವರ್ಷ 1.75 ಕೋಟಿ. 2024ರಲ್ಲಿ ಪುರುಷರು ಪೈನ್‌ಹರ್ಸ್ಟ್‌ಗೆ ಮರಳಿ ಬಂದಾಗ ಅದು 2.15 ಕೋಟಿಗೆ ಏರಿತು, ಪೆನ್ಸಿಲ್ವೇನಿಯಾದಲ್ಲಿ ನಡೆದ ಮಹಿಳಾ ಓಪನ್‌ಗೆ 1.2 ಕೋಟಿ. ಹತ್ತು ವರ್ಷಗಳಲ್ಲಿ ನೂರಕ್ಕೆ 44 ಇದ್ದದ್ದು 56 ಆಯಿತು. 2029ರಲ್ಲಿ ಎರಡೂ ಪಂದ್ಯಗಳು ಮತ್ತೆ ಪೈನ್‌ಹರ್ಸ್ಟ್‌ನಲ್ಲೇ ಹಿಂದುಮುಂದಿನ ವಾರಗಳಲ್ಲಿ ನಡೆಯಬೇಕಿವೆ.

ಬೇಸಿಗೆ ರಜೆಯಲ್ಲಿ ಈ ಊರು ಮಕ್ಕಳದ್ದು. ಚಿಕ್ಕವರ ವಿಶ್ವ ಚಾಂಪಿಯನ್‌ಷಿಪ್‌ಗೆ ದೇಶದೇಶಗಳಿಂದ ಬಂದ ಏಳೆಂಟು ವರ್ಷದ ಹುಡುಗರು, ಹುಡುಗಿಯರು ಪೈನ್ ಮರಗಳ ನಡುವೆ ಓಡಾಡುತ್ತಾರೆ. ಕ್ಯಾಡಿಗಳಾಗಿ ಹಿಂದೆ ಬರುವವರು ಹೆಚ್ಚಾಗಿ ಅಪ್ಪ ಅಮ್ಮಂದಿರೇ. ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ಸ್‌ನಲ್ಲಿ ಆಡಿದಾಗಲೂ ಹಾಗೆಯೇ. 2016ರಲ್ಲಿ ರಿಯೊದಲ್ಲಿ ಚೀಲ ಹೊತ್ತವರು ತಂದೆ, ಪದಕ ಸ್ವಲ್ಪದರಲ್ಲಿ ತಪ್ಪಿ ನಾಲ್ಕನೇ ಸ್ಥಾನ ಬಂದ ಟೋಕಿಯೊದಲ್ಲಿ ತಾಯಿ.